ಇಲಿ ಕಡಿದ ವೈರಿಂಗ್: ಇಡೀ ಹಾರ್ನೆಸ್ ಬದಲಿಸಲೇಬೇಕೆ?

ಪ್ರಶ್ನೆ: ನಾನು ಮೈಸೂರಿನಲ್ಲಿರುವ ನಿವೃತ್ತ ಬ್ಯಾಂಕ್ ನೌಕರ. ನನ್ನದು ನಾಲ್ಕು ವರ್ಷದ ಪೆಟ್ರೋಲ್ ಕಾರು, 1200 ಸಿಸಿ. ವಾರಕ್ಕೊಮ್ಮೆ, ಕೆಲವು ಸಲ ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆಯುತ್ತೇನೆ. ಉಳಿದಂತೆ ಕವರ್ ಹೊದಿಸಿ ಪೋರ್ಟಿಕೋದಲ್ಲಿ ನಿಲ್ಲಿಸಿರುತ್ತೇನೆ. ಪಕ್ಕದಲ್ಲೇ ಖಾಲಿ ಸೈಟು, ಅದರಲ್ಲಿ ಆಳೆತ್ತರದ ಪಾರ್ಥೇನಿಯಂ. ಆಚೆ ಮನೆಯವರು ದಿನಾ ಕಾಂಪೌಂಡಿನ ಮೇಲೆ ಪಾರಿವಾಳಗಳಿಗೆ ಜೋಳ ಹಾಕುತ್ತಾರೆ. ಮೂರು ತಿಂಗಳ ಹಿಂದೆ ಇಲಿ ಒಂದೆರಡು ವೈರನ್ನೂ ವೈಪರಿಗೆ ನೀರು ಹೋಗುವ ಪೈಪನ್ನೂ ಕಡಿಯಿತು. ಹತ್ತಿರದ ಎಲೆಕ್ಟ್ರಿಷಿಯನ್ ಜೋಡಿಸಿಕೊಟ್ಟರು. ಹೊಗೆಸೊಪ್ಪು, ನುಸಿಗುಳಿಗೆ ಇಟ್ಟೆ. ಆನ್‌ಲೈನಿನಲ್ಲಿ ಸಿಗುವ, ಶಬ್ದ ಮಾಡಿ ಇಲಿ ಓಡಿಸುವ ಯಂತ್ರವನ್ನೂ ಹಾಕಿಸಿದೆ. ಹೋದ ವಾರ ಮತ್ತೆ ಅದೇ ಕತೆ. ಗಾಡಿ ಜರ್ಕ್ ಹೊಡೆಯುತ್ತಿದೆ, ಎಂಜಿನ್ ಲೈಟು, ಬ್ರೇಕಿನ ಎಬಿಎಸ್ ಲೈಟು ಎರಡೂ ಉರಿಯುತ್ತಿವೆ. ಸರ್ವಿಸ್ ಸೆಂಟರಿನವರು ಇಡೀ ಎಂಜಿನ್ ಹಾರ್ನೆಸ್, ಅಂದರೆ ಎಂಜಿನ್ನಿನ ವೈರುಗಳ ಪೂರ್ತಿ ಕಟ್ಟು, ಬದಲಿಸಬೇಕು, 46,000 ರೂಪಾಯಿ ಆಗುತ್ತದೆ ಎಂದಿದ್ದಾರೆ. ಈಗಿನ ವೈರುಗಳನ್ನು ಸೋಯಾದಿಂದ ಮಾಡುತ್ತಾರೆ, ಅದಕ್ಕೇ ಇಲಿ ತಿನ್ನುತ್ತದೆ ಎನ್ನುವುದು ನಿಜವೇ? ಇನ್ಶೂರೆನ್ಸ್ ಸಿಗುತ್ತದೆಯೇ? ಪಾಷಾಣ ಇಡೋಣವೆಂದರೆ ಮನೆಯಲ್ಲಿ ನಮ್ಮ ಅತ್ತೆ ಗಣಪತಿಯ ವಾಹನವನ್ನು ಕೊಲ್ಲಬೇಡಿ ಎಂದು ಪಟ್ಟು ಹಿಡಿದಿದ್ದಾರೆ. ಮಗ ಇದನ್ನು ಮಾರಿ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಿ, ಅದಕ್ಕೆ ಇಲಿ ಬರುವುದಿಲ್ಲ ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ತುರ್ತಿನ ಮಾತು. ಗಾಡಿ ಜರ್ಕ್ ಹೊಡೆಯುತ್ತಿದ್ದರೆ ಅದನ್ನು ಓಡಿಸಬೇಡಿ, ಸರ್ವಿಸ್ ಸೆಂಟರಿಗೂ ಟೋ ಮಾಡಿಸಿಯೇ ಕಳಿಸಿ. ಒಂದು ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಬೀಳದಿದ್ದರೆ ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಗೆ ಹೋಗಿ ಅಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ. ಅದರ ಬೆಲೆ ಕೇಳಿದರೆ ಹಾರ್ನೆಸ್ಸೇ ಅಗ್ಗ ಅನ್ನಿಸೀತು. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರಂತೂ ಕೀಲಿಯನ್ನೇ ತಿರುಗಿಸಬೇಡಿ. ಇಲಿ ವೈರನ್ನು ಕಡಿಯುವಂತೆಯೇ ರಬ್ಬರ್ ಪೈಪನ್ನೂ ಕಡಿಯುತ್ತದೆ; ಸೋರುವ ಪೆಟ್ರೋಲು, ಪಕ್ಕದಲ್ಲಿ ತೊಗಟೆ ಕಳೆದುಕೊಂಡ ವೈರು, ಇವೆರಡೂ ಸೇರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ಯಾರಾದರೂ ದೊಡ್ಡ ಫ್ಯೂಸ್ ಹಾಕಲು ಬಂದರೆ ಕಾಫಿ ಕೊಟ್ಟು ವಾಪಸ್ ಕಳಿಸಿ.

ಈಗ ನಲವತ್ತಾರು ಸಾವಿರದ ವಿಷಯ. ಒಪ್ಪಿಗೆ ಕೊಡುವ ಮುಂಚೆ ಎರಡು ದಿನ ತಡೆಯಿರಿ. ಸರ್ವಿಸ್ ಸೆಂಟರಿನವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅವರ ಲೆಕ್ಕ ಬೇರೆ. ಕಂಪನಿಯ ಕೈಪಿಡಿಯಲ್ಲಿ ವೈರು ಜೋಡಿಸುವುದಕ್ಕಿಂತ ಬದಲಿಸುವುದು ಸುಲಭ, ಆಮೇಲೆ ದೂರು ಬಂದರೆ ಉತ್ತರ ಹೇಳುವುದೂ ಸುಲಭ. ಆದರೆ ನೀವು ಹೇಳಿದ ಲಕ್ಷಣ ಕೇಳಿದರೆ ನನಗೆ ಎರಡು ಬೇರೆ ಬೇರೆ ಜಾಗದ ಗಾಯ ಕಾಣುತ್ತಿದೆ. ಜರ್ಕ್ ಹೊಡೆಯುವುದು ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಅಥವಾ ಕಿಡಿ ಕೊಡುವ ಇಗ್ನಿಷನ್ ಕಾಯಿಲಿನ ವೈರು ತುಂಡಾಗಿರುವುದರಿಂದ ಇರಬಹುದು. ಎಬಿಎಸ್ ಲೈಟು ಚಕ್ರದ ವೇಗ ಅಳೆಯುವ ಸೆನ್ಸರಿನ ವೈರಿನಿಂದ ಬಂದಿರಬಹುದು. ಈ ಎರಡನೆಯದು ಸಾಮಾನ್ಯವಾಗಿ ಎಂಜಿನ್ ಹಾರ್ನೆಸ್ಸಿನ ಭಾಗವೇ ಅಲ್ಲ. ಸೆನ್ಸರು ತನ್ನದೇ ವೈರು, ತನ್ನದೇ ಕನೆಕ್ಟರಿನ ಜೊತೆ ಬಿಡಿಯಾಗಿ ಸಿಗುತ್ತದೆ. ಹಾಗಾಗಿ ಸ್ಕ್ಯಾನರ್ ಹಾಕಿ ತೆಗೆದ ದೋಷದ ಕೋಡುಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ಪಿ0201ರಿಂದ ಪಿ0204ರವರೆಗಿನ ಕೋಡು ಬಂದಿದ್ದರೆ ಆಯಾ ಸಿಲಿಂಡರಿನ ಇಂಜೆಕ್ಟರ್ ಸರ್ಕಿಟ್ಟಿನ ತೊಂದರೆ ಎಂದರ್ಥ. ಪಟ್ಟಿ ಕೈಯಲ್ಲಿದ್ದರೆ ಯಾವ ವೈರು, ಎಲ್ಲಿ, ಎಷ್ಟು ಎಂದು ಬೆರಳಿಟ್ಟು ಕೇಳಬಹುದು. ಕಡಿದ ಜಾಗದ ಫೋಟೋ ಕೇಳಲೂ ನಿಮಗೆ ಹಕ್ಕಿದೆ.

ನಾಲ್ಕಾರು ವೈರು ಕಡಿದಿದ್ದು, ಕನೆಕ್ಟರುಗಳು ಚೆನ್ನಾಗಿದ್ದರೆ ಅನುಭವವಿರುವ ಆಟೋ ಎಲೆಕ್ಟ್ರಿಷಿಯನ್ ಜೋಡಿಸಿಯೇ ಸರಿಮಾಡುತ್ತಾರೆ. ಖರ್ಚು ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಪ್ರಶ್ನೆ ಇರುವುದು ಹೇಗೆ ಜೋಡಿಸುತ್ತಾರೆ ಎನ್ನುವುದರಲ್ಲಿ. ಎರಡು ತುದಿ ತಿರುಚಿ ಮೇಲೆ ಕಪ್ಪು ಟೇಪು ಸುತ್ತುವುದು ಮನೆಯ ಬಲ್ಬಿಗೂ ಒಳ್ಳೆಯದಲ್ಲ, ಕಂಪಿಸುವ ಬಿಸಿ ಎಂಜಿನ್ ಪಕ್ಕದಲ್ಲಂತೂ ಆಗುವುದೇ ಇಲ್ಲ. ಮೊದಲ ಸಲ ನಿಮ್ಮ ಗಾಡಿಗೆ ಹಾಕಿದ್ದು ಅಂಥ ಜೋಡಣೆಯೇ ಆಗಿದ್ದರೆ, ಈಗಿನ ಜರ್ಕಿಗೆ ಇಲಿ ಕಾರಣವೇ ಅಲ್ಲದಿರಬಹುದು. ಆ ಜಾಯಿಂಟೇ ಸಡಿಲವಾಗಿರಬಹುದು. ಅದನ್ನು ಮೊದಲು ಬಿಚ್ಚಿ ನೋಡಲು ಹೇಳಿ. ಸರಿಯಾದ ಕೆಲಸವೆಂದರೆ ಅದೇ ದಪ್ಪದ ಆಟೋಮೊಬೈಲ್ ವೈರು ತಂದು, ತಾಮ್ರದ ಸಣ್ಣ ಕೊಳವೆಯೊಳಗೆ ಎರಡು ತುದಿ ಸೇರಿಸಿ ಒತ್ತಿ ಬಿಗಿಸಿ (ಕ್ರಿಂಪ್ ಮಾಡಿ), ಒಳಬದಿಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿ ಬಿಸಿ ಮಾಡುವುದು. ನೀರು ಒಳಹೋಗಬಾರದು. ಒಂದೇ ಕಟ್ಟಿನ ನಾಲ್ಕು ವೈರು ಜೋಡಿಸುವಾಗ ಎಲ್ಲ ಜಾಯಿಂಟೂ ಒಂದೇ ಸಾಲಿನಲ್ಲಿ ಬರದಂತೆ ಹಿಂದೆ ಮುಂದೆ ಮಾಡಬೇಕು.

ಜೋಡಿಸಬಾರದ ವೈರುಗಳೂ ಇವೆ. ಹಳದಿ ಬಣ್ಣದ ಹೊದಿಕೆಯಿರುವುದು ಏರ್‌ಬ್ಯಾಗಿನದು. ಅದರ ಮೇಲೆ ಕೈಯಿಡುವುದು ಬೇಡ, ಬದಲಿಸಿಯೇ ತೀರಬೇಕು. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರಿನ ವೈರನ್ನು ಬೆಸುಗೆ ಹಾಕಬಾರದು. ಹಲವು ಬಗೆಯ ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ಆ ವೈರಿನ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಹಾಕಿದರೆ ಆ ದಾರಿ ಮುಚ್ಚಿಹೋಗಿ ಸೆನ್ಸರು ಸುಳ್ಳು ಲೆಕ್ಕ ಕೊಡಲು ಶುರುಮಾಡುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಇನ್ನು ಒಂದಕ್ಕೊಂದು ಹೆಣೆದುಕೊಂಡಿರುವ ಎರಡು ತೆಳು ವೈರುಗಳಿರುತ್ತವೆ, ಗಾಡಿಯ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಕ್ಯಾನ್ ಲೈನು. ಅದನ್ನು ಜೋಡಿಸಬಹುದು, ಆದರೆ ಹೆಣಿಗೆ ಬಿಚ್ಚಿದ ಹಾಗೇ ಬಿಡಬಾರದು. ಕೆಲಸ ಮುಗಿದ ಮೇಲೆ ಬ್ಯಾಟರಿ ಕಳಚಿ ಆ ಎರಡು ವೈರುಗಳ ನಡುವೆ ಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. 120 ತೋರಿಸಿದರೆ ಎಲ್ಲೋ ಇನ್ನೂ ತುಂಡಾಗಿದೆ. ಕನೆಕ್ಟರುಗಳನ್ನೇ ಕಡಿದು ಪುಡಿ ಮಾಡಿದ್ದರೆ, ಅಥವಾ ಒಂದೇ ಕಟ್ಟಿನಲ್ಲಿ ಹತ್ತಾರು ವೈರು ಹೋಗಿದ್ದರೆ ಸರ್ವಿಸ್ ಸೆಂಟರಿನ ಮಾತೇ ಸರಿ. ಆಗ ಹಾರ್ನೆಸ್ ಬದಲಿಸಿ, ತಲೆನೋವು ಬೇಡ.

ಆದರೆ ಗಾಡಿ ಹಳೆಯ ಜಾಗಕ್ಕೇ ಬಂದು ಹಾಗೇ ನಿಂತರೆ ಹೊಸ ಹಾರ್ನೆಸ್ಸಿಗೂ ಇದೇ ಗತಿ. ನಿಮ್ಮ ಪತ್ರದಲ್ಲಿ ನೀವು ಇಲಿಗೆ ಏನೇನು ಇಟ್ಟಿರಿ ಎನ್ನುವುದನ್ನು ವಿವರವಾಗಿ ಬರೆದಿದ್ದೀರಿ. ನನ್ನ ಕಣ್ಣಿಗೆ ಬಿದ್ದದ್ದು ಅದರ ಮೇಲಿನ ಸಾಲುಗಳು: ಖಾಲಿ ಸೈಟು, ಜೋಳ, ಕವರು, ಹದಿನೈದು ದಿನ. ಊಟ ಹತ್ತು ಅಡಿ ದೂರದಲ್ಲಿದೆ, ಮರೆ ಇದೆ, ಯಾರೂ ಅಲುಗಾಡಿಸದ ಕತ್ತಲೆ ಕೋಣೆಯೊಂದು ಸಿದ್ಧವಾಗಿದೆ.

ಇಲಿ ಯಾಕೆ ಕಡಿಯುತ್ತದೆ ಎನ್ನುವುದಕ್ಕೆ ಎಲ್ಲರೂ ಹೇಳುವ ಉತ್ತರ, ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಸದಿದ್ದರೆ ಸಾಯುತ್ತದೆ ಅಂತ. ಅರ್ಧ ಸತ್ಯ. ಮುಂದಿನ ಹಲ್ಲುಗಳು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುವುದು ಹೌದು. ಆದರೆ ಇಲಿ ಮೇಲಿನ ಕೆಳಗಿನ ಹಲ್ಲುಗಳನ್ನು ಒಂದಕ್ಕೊಂದು ಮಸೆದೇ ಹೆಚ್ಚಿನದನ್ನು ಸವೆಸಿಕೊಳ್ಳುತ್ತದೆ. ಅದಕ್ಕೆ ನಿಮ್ಮ ಕಾರೇ ಆಗಬೇಕೆಂದಿಲ್ಲ. ಕಡಿಯುವುದು ಅದರ ಹುಟ್ಟುಗುಣ. ದಾರಿಗೆ ಅಡ್ಡ ಬಂದದ್ದನ್ನು, ಮೆತ್ತಗಿರುವುದನ್ನು ಬಾಯಿಂದಲೇ ಪರೀಕ್ಷಿಸುತ್ತದೆ. ಗೂಡು ಕಟ್ಟುವ ಹೆಣ್ಣಿಲಿಯಾದರೆ ಬಾನೆಟ್ಟಿನ ಒಳಗಿನ ಹತ್ತಿಯಂಥ ಹೊದಿಕೆ, ಏರ್ ಫಿಲ್ಟರು, ವೈರಿನ ಮೇಲಿನ ಟೇಪು ಎಲ್ಲವೂ ಬೇಕು. ಇಲಿಯ ಗರ್ಭ ಮೂರು ವಾರದ್ದು. ಅಂದರೆ ನೀವು ತಿಂಗಳು ಊರಿಗೆ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಪಕ್ಕದಲ್ಲಿ ಬಾಣಂತನ ಮುಗಿದಿರಬಹುದು. ಹಲ್ಲಿನ ಹೊರಪದರ ತಾಮ್ರಕ್ಕಿಂತ, ಕಬ್ಬಿಣಕ್ಕಿಂತ ಗಟ್ಟಿ. ಪಿವಿಸಿ ಹೊದಿಕೆ ಅದಕ್ಕೆ ಲೆಕ್ಕಕ್ಕಿಲ್ಲ.

ಸೋಯಾ ಮಾತಿಗೆ ಹಿನ್ನೆಲೆ ಇದೆ. ಇಂಥ ವೈರುಗಳಿಂದಲೇ ಇಲಿಗಳು ಬರುತ್ತಿವೆ ಎಂದು ಅಮೆರಿಕದಲ್ಲಿ ಗ್ರಾಹಕರು 2016ರಲ್ಲಿ ಟೊಯೊಟ ಮೇಲೆ ದಾವೆ ಹೂಡಿದ್ದರು, ಬೇರೆ ಕಂಪನಿಗಳ ಮೇಲೂ ಹೂಡಿದ್ದುಂಟು. ಸುದ್ದಿ ಅಲ್ಲಿಂದ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಂತು. ಸೋಯಾ ಎಣ್ಣೆಯಿಂದ ಮಾಡಿದ ಮೃದುಕಾರಕವನ್ನು ಪ್ಲಾಸ್ಟಿಕ್ಕಿಗೆ ಬೆರೆಸುವುದು ನಿಜ. ಆದರೆ ಸೋಯಾದ ಹೆಸರೇ ಇಲ್ಲದ ಕಾಲದ ಅಂಬಾಸಿಡರಿನ ವೈರನ್ನೂ, ಅಟ್ಟದ ಮೇಲಿನ ಮನೆ ವೈರಿಂಗನ್ನೂ, ಟೆಲಿಫೋನ್ ಕೇಬಲ್ಲನ್ನೂ ಇಲಿ ಬಿಟ್ಟಿರಲಿಲ್ಲ. ನಮ್ಮ ವರ್ಕ್‌ಶಾಪಿಗೆ ಬರುವ ಗಾಡಿಗಳಲ್ಲಿ ಕಡಿದ ಜಾಗದ ಕೆಳಗೆ, ಎಂಜಿನ್ ಅಡಿಯ ತಟ್ಟೆಯಲ್ಲಿ ನೋಡಿದರೆ ವೈರಿನ ಸಿಪ್ಪೆ ಚೂರು ಚೂರಾಗಿ ಬಿದ್ದಿರುತ್ತದೆ. ಹೊಟ್ಟೆಗೆಂದು ಕಡಿದಿದ್ದರೆ ಉಗುಳಿ ಹೋಗುತ್ತಿತ್ತೇ? ವೈರಿನ ಕಂಪನಿ ಬದಲಿಸಿ ಇಲಿಯಿಂದ ಪಾರಾಗುವ ಹಾದಿಯಂತೂ ನಿಮಗೂ ಇಲ್ಲ, ನನಗೂ ಇಲ್ಲ.

ಬಂದಿರುವುದು ಯಾವ ಪ್ರಾಣಿ ಎಂದು ತಿಳಿಯುವುದು ಮುಖ್ಯ. ಸೊಂಟ ಬಗ್ಗಿಸಿ ನೋಡುವ ಕೆಲಸವಷ್ಟೇ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಸುತ್ತ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹೆಜ್ಜೆ ಗುರುತು ಯಾವ ಚಕ್ರದ ಬಳಿ ಬಂದಿದೆ, ಯಾವ ಗೋಡೆಯ ಕಡೆಯಿಂದ ಬಂದಿದೆ ಎಂದು ಗೊತ್ತಾಗುತ್ತದೆ. ಹಿಕ್ಕೆ ಅಕ್ಕಿ ಕಾಳಿನಷ್ಟಿದ್ದರೆ ಚಿಟ್ಟಿಲಿ, ಒಂದು ಸೆಂಟಿಮೀಟರಿಗಿಂತ ಉದ್ದವಿದ್ದರೆ ಇಲಿ, ಅದಕ್ಕೂ ದಪ್ಪವಿದ್ದು ಸೈಟಿನಲ್ಲಿ ಮಣ್ಣು ತೋಡಿದ ದೊಡ್ಡ ಬಿಲವಿದ್ದರೆ ಹೆಗ್ಗಣ. ಗೋಡೆಯಂಚಿನಲ್ಲಿ ಚಿಕ್ ಚಿಕ್ ಎಂದು ಓಡುವ, ನಾತ ಬೀರುವ ಸುಂಡಿಲಿ ಇಲಿಯ ಜಾತಿಯೇ ಅಲ್ಲ. ಜಿರಲೆ, ಹುಳು ತಿಂದು ಬದುಕುತ್ತದೆ, ಅದನ್ನು ಅದರ ಪಾಡಿಗೆ ಬಿಡಿ. ಹಗಲು ಹೊತ್ತಿನಲ್ಲಿ ವೈರು ಹೋಗುತ್ತಿದ್ದರೆ ಅಳಿಲಿನ ಮೇಲೆ ಅನುಮಾನ ಪಡಿ. ಪುಡಿಯ ಮೇಲೆ ಉದ್ದಕ್ಕೆ ಹರಿದ ಗೆರೆ ಕಂಡರೆ ಬಾನೆಟ್ಟಿನೊಳಗೆ ಕೈ ಹಾಕುವ ಮುಂಚೆ ಟಾರ್ಚ್ ಬಿಡಿ. ಇಲಿ ಇದ್ದಲ್ಲಿಗೆ ಕೇರೆ ಹಾವು ಬರುತ್ತದೆ. ಮಲೆನಾಡಿನ ನಮ್ಮ ಗಿರಾಕಿಗಳು ಮೊದಲು ಬಾನೆಟ್ ಮೇಲೆ ನಾಲ್ಕು ಸಲ ತಟ್ಟಿಯೇ ಗಾಡಿ ಎತ್ತುತ್ತಾರೆ. ಒಳಗೆ ಬೆಕ್ಕಿನ ಮರಿ ಮಲಗಿದ್ದರೂ ಅದು ಪಾರಾಗುತ್ತದೆ.

ಗುರುತು ಸಿಕ್ಕ ಮೇಲೆ ಜಾಗದ ಕೆಲಸ. ಕವರನ್ನು ಸದ್ಯಕ್ಕೆ ತೆಗೆದುಹಾಕಿ, ಮಡಿಚಿ ಒಳಗಿಡಿ. ಪೋರ್ಟಿಕೋದಲ್ಲಿ ಮಳೆ ಬಿಸಿಲಿಲ್ಲ, ಕವರಿನಿಂದ ಲಾಭವಾಗುತ್ತಿರುವುದು ಇಲಿಗೆ ಮಾತ್ರ. ಗಾಡಿಯನ್ನು ಗೋಡೆಯಿಂದ ಮೂರಡಿ ಈಚೆ ತನ್ನಿ. ಇಲಿ ಬಯಲಿಗಿಂತ ಗೋಡೆಯಂಚನ್ನೇ ಹಿಡಿದು ಓಡುವ ಪ್ರಾಣಿ. ಆ ಮೂರಡಿ ಬೆಳಕಿನಲ್ಲಿ ದಾಟಲು ಅದಕ್ಕೆ ಧೈರ್ಯ ಸಾಲದು. ಬಾನೆಟ್ಟಿನ ಮೇಲೆ ಬೆಳಕು ಬೀಳುವಂತೆ ಒಂದು ಎಲ್‌ಇಡಿ ಬಲ್ಬು ಹಾಕಿ. ಮನೆ ಕಾಂಪೌಂಡಿನ ಒಳಗೇ ಇರುವುದರಿಂದ ರಾತ್ರಿ ಬಾನೆಟ್ ತೆರೆದಿಡುವ ಉಪಾಯವೂ ನಿಮಗೆ ಸರಿಹೊಂದುತ್ತದೆ. ನೋಡಲು ವಿಚಿತ್ರವಾದರೂ ನನ್ನ ಅನುಭವದಲ್ಲಿ ಬಿಟ್ಟಿ ಉಪಾಯಗಳ ಪೈಕಿ ಇದೇ ಚೆನ್ನಾಗಿ ಕೆಲಸ ಮಾಡುವುದು. ಕತ್ತಲೆಯೂ ಹೋಗುತ್ತದೆ, ಎಂಜಿನ್ನಿನ ಬಿಸುಪೂ ಬೇಗ ಆರುತ್ತದೆ. ಕೆಲವು ಗಾಡಿಗಳಲ್ಲಿ ಬಾನೆಟ್ ತೆರೆದರೆ ಅಲಾರಂ ಎಚ್ಚರವಾಗಿರುತ್ತದೆ ಅಥವಾ ಒಳಗೊಂದು ದೀಪ ಉರಿಯುತ್ತದೆ, ಬ್ಯಾಟರಿ ಇಳಿಯದಂತೆ ಅದನ್ನು ನೋಡಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚಾಗಿ ಗಾಡಿ ಓಡಿಸಿ. ಎರಡು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಸುತ್ತಿ ಬಂದರೆ ಗೂಡು ಕಟ್ಟುವ ಹೊತ್ತಿಗೆ ಗೂಡೇ ಅಲುಗಾಡುತ್ತದೆ. ಬರೀ ಸ್ಟಾರ್ಟ್ ಮಾಡಿ ನಿಂತಲ್ಲೇ ಐದು ನಿಮಿಷ ಬಿಟ್ಟು ಆಫ್ ಮಾಡುವವರಿದ್ದಾರೆ. ಅದು ಚಳಿಗಾಲದ ರಾತ್ರಿಯಲ್ಲಿ ಇಲಿಗೆ ಹಾಸಿಗೆ ಬೆಚ್ಚಗೆ ಮಾಡಿಕೊಟ್ಟಂತೆ. 2020ರ ಲಾಕ್‌ಡೌನ್ ಮುಗಿದಾಗ ನಮ್ಮಂಥ ವರ್ಕ್‌ಶಾಪುಗಳ ಮುಂದೆ ಟೋ ಗಾಡಿಗಳ ಸಾಲು ನಿಂತದ್ದು ಯಾಕೆಂದು ಈಗ ನಿಮಗೆ ಅರ್ಥವಾಗಿರಬೇಕು.

ಗಾಡಿಯ ಒಳಗೆ ಮೊಮ್ಮಕ್ಕಳು ಬೀಳಿಸಿದ ಬಿಸ್ಕತ್ತು, ಚಿಪ್ಸಿನ ಪುಡಿ, ಪೂಜೆ ಮಾಡಿಸಿದಾಗ ಡ್ಯಾಶ್‌ಬೋರ್ಡಿನ ಮೇಲಿಟ್ಟು ಮರೆತ ಕೊಬ್ಬರಿ ಹೋಳು, ಡಿಕ್ಕಿಯಲ್ಲಿ ಸೋರಿದ ಅಕ್ಕಿ ಇವೆಲ್ಲ ಇರಬಾರದು. ಪಾರ್ಕ್ ಮಾಡುವಾಗ ಎಸಿಯ ಗಾಳಿ ಗುಂಡಿಯನ್ನು ಒಳಗಿನ ಗಾಳಿಯೇ ಸುತ್ತುವ ಸ್ಥಾನದಲ್ಲಿಟ್ಟು ಎಂಜಿನ್ ಆಫ್ ಮಾಡಿ. ವೈಪರಿನ ಕೆಳಗಿನ ಹೊರಗಾಳಿಯ ಬಾಯಿಯಿಂದಲೇ ಇಲಿ ಹೆಚ್ಚಾಗಿ ಬ್ಲೋವರಿಗೆ ಇಳಿಯುವುದು. ಈ ಸ್ಥಾನದಲ್ಲಿ ಒಳಗಿನ ಬಾಗಿಲು ಮುಚ್ಚಿರುತ್ತದೆ. ಒಮ್ಮೆ ಅದು ಡ್ಯಾಶ್‌ಬೋರ್ಡಿನ ಹಿಂದೆ ಹೋಗಿ ಸತ್ತರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು.

ನೀವು ಮಾಡಿದ ಉಪಾಯಗಳ ಬಗ್ಗೆ ಒಂದಿಷ್ಟು. ಹೊಗೆಸೊಪ್ಪಿನ ಘಾಟು ಹಸಿಯಾಗಿರುವಷ್ಟು ದಿನ ಇಲಿಯನ್ನು ಹಿಂಜರಿಸುತ್ತದೆ, ಒಣಗಿದ ಮೇಲೆ ಅದು ಬರೀ ಎಲೆ. ಗೂಡಿಗೆ ಹಾಸಲು ಹೊಗೆಸೊಪ್ಪನ್ನೇ ಎಳೆದುಕೊಂಡು ಹೋದ ಇಲಿಗಳನ್ನು ನೋಡಿದ್ದೇನೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊತ್ತಿಕೊಳ್ಳುವ ಭಯವೂ ಇದೆ. ಇಡುವುದಾದರೆ ತೆಳು ಬಟ್ಟೆಯಲ್ಲಿ ಕಟ್ಟಿ ಬ್ಯಾಟರಿ ಬಳಿ ಇಡಿ, ಹತ್ತು ಹದಿನೈದು ದಿನಕ್ಕೊಮ್ಮೆ ಬದಲಿಸಿ. ನುಸಿಗುಳಿಗೆಯನ್ನು ಇವತ್ತೇ ತೆಗೆಯಿರಿ. ಅದರ ಆವಿ ಎಸಿಯ ದಾರಿಯಲ್ಲಿ ಒಳಗೆ ಬರುತ್ತದೆ, ಎಳೆ ಮಕ್ಕಳಿಗೆ ಒಳ್ಳೆಯದಲ್ಲ, ರಕ್ತದ ಕಣ ಒಡೆಯುವ ಜಿ6ಪಿಡಿ ಕೊರತೆಯಿರುವ ಮಗುವಿಗಂತೂ ಅಪಾಯ. ಫಿನಾಯಿಲು, ಸೀಮೆಎಣ್ಣೆ, ಡೀಸೆಲ್ ಸಿಂಪಡಿಸುವುದು ಬೇಡವೇ ಬೇಡ. ರಬ್ಬರನ್ನು ಕೆಡಿಸುತ್ತವೆ, ಎಣ್ಣೆಗಳಿಗೆ ಬೆಂಕಿಯ ಭಯ ಬೇರೆ.

ಶಬ್ದದ ಯಂತ್ರದ ವಿಷಯದಲ್ಲಿ ನಾನು ಕೊಂಚ ಕಟುವಾಗಿಯೇ ಹೇಳುತ್ತೇನೆ. ನಮಗೆ ಕೇಳದ ಶಬ್ದ ಇಲಿಗೆ ಕೇಳುತ್ತದೆ ಎನ್ನುವುದು ಸರಿ, ಸುಮಾರು 80 ಕಿಲೋಹರ್ಟ್ಜ್‌ವರೆಗೂ ಅದಕ್ಕೆ ಕೇಳುತ್ತದೆ. ಆದರೆ ಅಂಥ ಶಬ್ದ ಗಾಳಿಯಲ್ಲಿ ಬೇಗ ಕ್ಷೀಣಿಸುತ್ತದೆ, ಅಡ್ಡ ಬಂದ ವಸ್ತುವನ್ನು ದಾಟುವುದಿಲ್ಲ. ಎಂಜಿನ್ ಕೋಣೆಯೆಂದರೆ ಅಡ್ಡ ವಸ್ತುಗಳದ್ದೇ ರಾಶಿ. ಒಂದು ಮೂಲೆಯಲ್ಲಿ ಯಂತ್ರ ಕೂಗುತ್ತಿದ್ದರೆ ಇಲಿ ಇನ್ನೊಂದು ಮೂಲೆಯಲ್ಲಿ ಸುಖವಾಗಿರುತ್ತದೆ. ಮೊದಮೊದಲು ಬೆದರಿದರೂ ಕೆಲವು ದಿನದಲ್ಲಿ ಒಗ್ಗಿಕೊಳ್ಳುತ್ತದೆ. ಪುರಾವೆಯಿಲ್ಲದೆ ಇಂಥ ಯಂತ್ರಗಳ ಜಾಹೀರಾತು ಮಾಡಬೇಡಿ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಅರವತ್ತಕ್ಕೂ ಹೆಚ್ಚು ತಯಾರಕರಿಗೆ, ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಬರೆದಿತ್ತು. ನಿಮ್ಮದು ಬ್ಯಾಟರಿಗೆ ನೇರ ಜೋಡಿಸಿದ್ದಾದರೆ ಹದಿನೈದು ದಿನ ನಿಲ್ಲುವ ಗಾಡಿಯಲ್ಲಿ ಬ್ಯಾಟರಿಯನ್ನೂ ಕುಡಿಯುತ್ತಿರುತ್ತದೆ. ಬಿಚ್ಚಿಸಿ.

ಖಾರದ ಟೇಪಿನ ಬಗ್ಗೆ ನನಗೆ ಇಷ್ಟು ಅನುಮಾನವಿಲ್ಲ. ಮೆಣಸಿನಕಾಯಿಯ ಖಾರದ ಅಂಶ, ಕ್ಯಾಪ್ಸೈಸಿನ್, ಸವರಿದ ಟೇಪನ್ನು ಹೋಂಡಾ ಕಂಪನಿಯೇ ಬಿಡಿಭಾಗವಾಗಿ ಮಾರುತ್ತದೆ. ಹಕ್ಕಿಗಳಿಗೆ ಆ ಖಾರ ಹತ್ತುವುದಿಲ್ಲ, ಇಲಿಗೆ ನಮ್ಮ ಹಾಗೆಯೇ ಹತ್ತುತ್ತದೆ. ಒಮ್ಮೆ ಕಡಿದ ಕಟ್ಟಿಗೆ, ಅದರ ಅಕ್ಕಪಕ್ಕಕ್ಕೆ ಸುತ್ತಿಸಿದರೆ ಸಾಕು. ಗ್ಲೌಸ್ ಹಾಕಿಕೊಂಡು ಸುತ್ತಲಿ, ಇಲ್ಲದಿದ್ದರೆ ಮೆಕ್ಯಾನಿಕ್ ಕಣ್ಣು ಉಜ್ಜಿಕೊಂಡು ನಿಮಗೆ ಶಾಪ ಹಾಕುತ್ತಾನೆ. ಸ್ಪ್ರೇಗಳೂ ಇವೆ, ಆದರೆ ಬಿಸಿಗೆ, ನೀರಿಗೆ ಬೇಗ ಹೋಗುವುದರಿಂದ ಕೆಲವು ವಾರಕ್ಕೊಮ್ಮೆ ಹೊಡೆಯುತ್ತಿರಬೇಕು.

ಜಾಲರಿ ಹಾಕಿಸುವುದು ನಿಮ್ಮ ಜಾಗಕ್ಕೆ ಯೋಗ್ಯ ಖರ್ಚು. ಎಂಜಿನ್ ಅಡಿಯ ತೆರೆದ ಭಾಗಕ್ಕೂ ವೈಪರಿನ ಕೆಳಗಿನ ಗಾಳಿಬಾಯಿಗೂ ಸ್ಟೀಲ್ ಜಾಲರಿ, ಕಣ್ಣು 6 ಮಿಲಿಮೀಟರ್ ಮೀರಬಾರದು. ಚಿಟ್ಟಿಲಿ ಪೆನ್ಸಿಲ್ ತೂರುವಷ್ಟು ಸಂದಿಯಲ್ಲಿ ನುಸುಳುತ್ತದೆ. ಪ್ಲಾಸ್ಟಿಕ್ ಜಾಲರಿ, ಸೊಳ್ಳೆ ಪರದೆ ಹಾಕಿಸಿ ಹಣ ಕಳೆಯಬೇಡಿ. ಕೂರಿಸುವವರು ರೇಡಿಯೇಟರ್ ಮುಂದಿನ ಗಾಳಿ ತಡೆಯದಂತೆ, ಸೈಲೆನ್ಸರ್ ಪೈಪಿಗೂ ಫ್ಯಾನಿಗೂ ತಾಗದಂತೆ, ಆಯಿಲ್ ಬದಲಿಸುವಾಗ ಬಿಚ್ಚಲು ಬರುವಂತೆ ಕೂರಿಸಬೇಕು.

ಇವೆಲ್ಲಕ್ಕೂ ಮುಂಚೆ, ಆದರೆ ಇನ್ಶೂರೆನ್ಸ್ ಕ್ಲೇಮು ಮಾಡುವುದಿದ್ದರೆ ಸರ್ವೇಯರ್ ನೋಡಿ ಹೋದ ಮೇಲೆ, ಎಂಜಿನ್ ಕೋಣೆಯನ್ನು ತೊಳೆಸಬೇಕು. ಇಲಿ ಓಡಾಡಿದಲ್ಲೆಲ್ಲ ಮೂತ್ರದ ಗುರುತು ಬಿಡುತ್ತದೆ, ಆ ವಾಸನೆ ಹಿಡಿದು ಬೇರೆ ಇಲಿಗಳು ಬರುತ್ತವೆ. ಮೂರು ತಿಂಗಳಲ್ಲಿ ಎರಡನೆಯ ಸಲ ಆದದ್ದಕ್ಕೆ ಇದೂ ಕಾರಣವಿರಬಹುದು. ಗೂಡು, ಹಿಕ್ಕೆ ಕಂಡರೆ ಪೊರಕೆಯಿಂದ ಒಣಗುಡಿಸಬೇಡಿ, ಗಾಳಿ ಹೊಡೆಯಬೇಡಿ. ಗ್ಲೌಸ್, ಮಾಸ್ಕ್ ಹಾಕಿ, ನೀರು ಬೆರೆಸಿದ ಬ್ಲೀಚಿನಿಂದ ಒದ್ದೆ ಮಾಡಿ ಒರೆಸಿ ತೆಗೆಯಿರಿ. ಇಲಿ ಜ್ವರ ನಮ್ಮ ಕರಾವಳಿ, ಮಲೆನಾಡಿಗಷ್ಟೇ ಸೀಮಿತವಲ್ಲ. ಕೈಯ ಸಣ್ಣ ಗಾಯದಿಂದಲೂ ಅದು ಒಳಹೋಗುತ್ತದೆ. ಕ್ಯಾಬಿನ್ ಫಿಲ್ಟರ್ ಕೊಳಕಾಗಿದ್ದರೆ ಬಿಸಾಡಿ ಹೊಸದು ಹಾಕಿಸಿ.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಕಾರಣ ಭಕ್ತಿಯದು, ನನ್ನದು ಕಸುಬಿನದು, ಆದರೆ ಪಾಷಾಣ ಬೇಡ ಎನ್ನುವಲ್ಲಿ ಇಬ್ಬರದೂ ಒಂದೇ ಮಾತು. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವುದು ನಿಂತು ಕೆಲವು ದಿನದ ಮೇಲೆ ಸಾಯುತ್ತದೆ, ಅಷ್ಟರಲ್ಲಿ ಅದು ನಿಮ್ಮ ಬ್ಲೋವರಿನೊಳಗೂ ಇರಬಹುದು. ಅದನ್ನು ತಿಂದ ಗೂಬೆ, ಬೆಕ್ಕು, ಬೀದಿನಾಯಿಗೂ ವಿಷ ಏರುತ್ತದೆ. ಹಳದಿ ರಂಜಕದ ಪೇಸ್ಟನ್ನಂತೂ ಮಕ್ಕಳಿರುವ ಮನೆಗೆ ತರಲೇಬಾರದು, ಮನುಷ್ಯರ ಲಿವರನ್ನೇ ಹಾಳು ಮಾಡುತ್ತದೆ. ಅಂಟಿನ ಹಲಗೆಯಲ್ಲಿ ಇಲಿ ಗಂಟೆಗಟ್ಟಲೆ ನರಳುತ್ತದೆ, ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ತಂತಿ ಬೋನು ತನ್ನಿ. ಮೊದಲ ಮೂರು ನಾಲ್ಕು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿಯೋ ಬೋಂಡಾ ಚೂರೋ ಇಟ್ಟು ಗೋಡೆಯಂಚಿಗೆ ಇಡಿ. ಹೊಸ ವಸ್ತು ಕಂಡರೆ ಇಲಿ ಹತ್ತಿರ ಬರುವುದಿಲ್ಲ, ತಿಂದು ಅಭ್ಯಾಸವಾಗಲಿ. ಆಮೇಲೆ ಬಾಗಿಲು ಸಜ್ಜು ಮಾಡಿ. ಹಿಡಿದದ್ದನ್ನು ಮುಂದಿನ ಬೀದಿಯಲ್ಲಿ ಬಿಟ್ಟರೆ ನಿಮಗಿಂತ ಮೊದಲೇ ಮನೆಗೆ ವಾಪಸ್ ಬಂದಿರುತ್ತದೆ. ಊರಾಚೆ, ಮನೆಗಳಿಲ್ಲದ ಕಡೆ ಬಿಡಿ. ಜೋಳ ಬೀಳುತ್ತಿರುವವರೆಗೆ ಒಂದು ಹೋದರೆ ಇನ್ನೊಂದು ಬರುತ್ತದೆ ಎನ್ನುವುದನ್ನೂ ಮರೆಯಬೇಡಿ. ಆಚೆ ಮನೆಯವರನ್ನು ಪಾರಿವಾಳಕ್ಕೆ ಹಾಕಲೇಬೇಡಿ ಎಂದು ಕೇಳಿದರೆ ಜಗಳವಾದೀತು. ಬೆಳಿಗ್ಗೆ ಮಾತ್ರ ಹಾಕಿ, ಕತ್ತಲಾಗುವ ಮುಂಚೆ ಉಳಿದದ್ದನ್ನು ಗುಡಿಸಿ ಎಂದರೆ ಒಪ್ಪುತ್ತಾರೆ. ಸೈಟಿನ ಮಾಲೀಕರು ಸಿಗದಿದ್ದರೆ ಪಾಲಿಕೆಗೆ ಅರ್ಜಿ ಕೊಡಿ, ಅಲ್ಲಿಯವರೆಗೆ ನಿಮ್ಮ ಗೋಡೆಯುದ್ದಕ್ಕೆ ಆರಡಿಯಷ್ಟಾದರೂ ಗಿಡ ಸವರಿಸಿ.

ಇನ್ಶೂರೆನ್ಸ್: ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಏನೂ ಸಿಗದು. ಕಾಂಪ್ರಹೆನ್ಸಿವ್ ಇದ್ದರೆ ಹಲವು ಕಂಪನಿಗಳು ಇಲಿ ಕಡಿತವನ್ನು ಹೊರಗಿನಿಂದಾದ ಆಕಸ್ಮಿಕ ಹಾನಿಯೆಂದು ಒಪ್ಪುತ್ತವೆ, ಆದರೆ ನಿಮ್ಮ ಪಾಲಿಸಿಯ ಷರತ್ತು ಓದದೆ ಮಾತು ಕೊಡಲಾರೆ. ವಿದ್ಯುತ್ ಕೆಡುಕು, ಸವೆತ ಇವು ಪಾಲಿಸಿಯ ಹೊರಗಿರುತ್ತವೆ. ಕ್ಲೇಮು ಬಿದ್ದುಹೋಗುವುದು ಸಾಮಾನ್ಯವಾಗಿ ಆ ಹೆಸರಿನಲ್ಲೇ. ಅದಕ್ಕಾಗಿ ಗಾಡಿ ತೊಳೆಸುವ, ಬಿಚ್ಚುವ ಮುಂಚೆ ಹಲ್ಲಿನ ಗುರುತು, ಹಿಕ್ಕೆ, ವೈರಿನ ಸಿಪ್ಪೆಯ ಫೋಟೋ ತೆಗೆದು ಕಂಪನಿಗೆ ತಿಳಿಸಿ, ಸರ್ವೇಯರ್ ಬಂದು ನೋಡುವವರೆಗೆ ಕಾಯಿರಿ. ಆಮೇಲೆ ಲೆಕ್ಕ ಹಾಕಿ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ನಿಮ್ಮದೇ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆಯನ್ನು ಸವಕಳಿಯೆಂದು ಕಳೆಯುತ್ತಾರೆ. ಸರ್ವೇಯರ್ ಹಾರ್ನೆಸ್ಸನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಸವಕಳಿ ಕಳೆಯದ ಝೀರೋ ಡೆಪ್ ಪಾಲಿಸಿ ಇದ್ದರೆ ಈ ಗೋಜಿಲ್ಲ. ಮೂರು ವರ್ಷ ಕ್ಲೇಮು ಮಾಡದವರಿಗೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂ ರಿಯಾಯಿತಿ, 35 ಶೇಕಡಾ, ನಾಲ್ಕು ವರ್ಷಕ್ಕೆ 45, ಐದಕ್ಕೆ 50. ಒಂದು ಕ್ಲೇಮು ಮಾಡಿದರೆ ಅದು ಸೊನ್ನೆಗಿಳಿಯುತ್ತದೆ. ಐದಾರು ಸಾವಿರದ ಜೋಡಣೆಗೆ ಕ್ಲೇಮು ಮಾಡುವುದು ನಷ್ಟದ ವ್ಯಾಪಾರ, ಹಾರ್ನೆಸ್ಸೇ ಬದಲಿಸಬೇಕಾಗಿ ಬಂದರೆ ಮಾಡಿ. ನ್ಯಾಯವಾದ ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು, ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ವಕೀಲರು ಬೇಕಿಲ್ಲ.

ಇನ್ನು ಮಗ ಹೇಳಿದ ಎಲೆಕ್ಟ್ರಿಕ್ ಕಾರು. ಬೇರೆ ಕಾರಣಕ್ಕೆ ಕೊಳ್ಳುವುದಾದರೆ ಕೊಳ್ಳಿ, ಇಲಿಯ ಕಾರಣಕ್ಕೆ ಬೇಡ. ಎಂಜಿನ್ನಿನ ಬಿಸಿ ಇಲ್ಲದಿದ್ದರೂ ಮರೆ ಇದೆ, ವೈರು ಹೆಚ್ಚೇ ಇದೆ. ಅದರಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳು ನೂರಾರು ವೋಲ್ಟಿನವು. ಅದನ್ನು ಇಲಿ ಕಡಿದರೆ ನಮ್ಮಂಥ ಬೀದಿ ಬದಿಯ ಎಲೆಕ್ಟ್ರಿಷಿಯನ್ನುಗಳು ಮುಟ್ಟುವಂತಿಲ್ಲ, ತರಬೇತಿ ಪಡೆದವರೇ ಬದಲಿಸಬೇಕು, ಜೋಡಿಸುವ ಪ್ರಶ್ನೆಯೇ ಇಲ್ಲ. ಈಗಿನ ಕಾರಿನ ಕೋಡುಗಳ ಪಟ್ಟಿ ಕೈಗೆ ಬಂದ ಮೇಲೆ ಮತ್ತೊಮ್ಮೆ ಬರೆಯಿರಿ, ಯಾವ ವೈರು ಜೋಡಿಸಬಹುದು, ಯಾವುದನ್ನು ಬದಲಿಸಬೇಕು ಎಂದು ಒಂದೊಂದಾಗಿ ನೋಡೋಣ.